ಲಕ್ಷ್ಮೀದೇವಮ್ಮ ನಡೆಸಿದ ಬಲಗೈ ಕೇಸು

ಲಕ್ಷ್ಮೀದೇವಮ್ಮನಿಗೆ ಜನರನ್ನು ಕಂಡರೆ ಆಗುವುದಿಲ್ಲ ಎಂದು ಹೊಳೆನರಸೀಪುರದ ಆ ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಪೂರ್ತಿ ಸರಿಯಲ್ಲ. ಆಕೆಗೆ ಜನ ಬೇಕಿತ್ತು. ಜನರೇ ಇಲ್ಲದಿದ್ದರೆ ತಾತ್ಸಾರ ಮಾಡುವುದು ಯಾರನ್ನು? ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಬಂದವಳು ಎದುರುಮನೆಯ ರಂಗೋಲಿಯಲ್ಲಿ ಯಾವ ಎಳೆ ತಪ್ಪಿದೆ ಎಂದು ಮೊದಲು ಪತ್ತೆಮಾಡಿ, ಆಮೇಲೆ ತನ್ನ ಚುಕ್ಕಿ ಇಡುತ್ತಿದ್ದಳು. ಪಕ್ಕದ ಮನೆಯ ನಿವೃತ್ತ ಮೇಷ್ಟರು ಆಕೆಯ ಲೆಕ್ಕದಲ್ಲಿ ಕಲಿಸದೆ ಪಿಂಚಣಿ ತಿನ್ನುವವರು. ಗುಡಿಗೆ ಬರುವ ಭಕ್ತರು ಪುಳಿಯೋಗರೆಗೆ ಬರುವವರು. ಗಂಡ ಚಲುವನಾರಾಯಣ ಗಂಟೆ ಅಲ್ಲಾಡಿಸಲು ಹುಟ್ಟಿದವನು, ಬೇರೆ ಯಾವುದಕ್ಕೂ ಅಲ್ಲ.

ಸಾಲಗಾಮೆಯ ಶಾಲಾ ಮೇಷ್ಟರ ಮಗಳು ಆಕೆ. ಎಸ್ಸೆಸ್ಸೆಲ್ಸಿಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದ ಹುಡುಗಿಯನ್ನು ಮುಂದೆ ಓದಿಸದೆ ಏಳನೆಯ ತರಗತಿಗೆ ಪುಸ್ತಕ ಮುಚ್ಚಿದ ಅರ್ಚಕನಿಗೆ ಕೊಟ್ಟರು. ಈ ಅನ್ಯಾಯವನ್ನು ಆಕೆ ಅತ್ತು ಹೇಳಿಕೊಂಡವಳಲ್ಲ. ಊರಿನ ಮೇಲೆ ತೀರಿಸಿಕೊಂಡಳು. ಅಂಗಡಿಯ ಚೀಟಿಯಲ್ಲಿ ಕೂಡಿಕೆ ತಪ್ಪಿದ್ದರೆ ಆಕೆಗೆ ಆ ದಿನ ಹಬ್ಬ.

ಆದರೆ ಸೇರಿದ ಮನೆಯಲ್ಲಿ ಒಂದು ವಸ್ತುವಿನ ಬಗ್ಗೆ ಮಾತ್ರ ಆಕೆ ಹಗುರವಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಅದು ಪೂಜೆಯ ಸರದಿ. ಪೇಟೆಯ ಹಿಂಬದಿಯ ವರದರಾಜಸ್ವಾಮಿ ಗುಡಿ ಮುಜರಾಯಿಗೆ ಸೇರಿದ ಸಣ್ಣ ಗುಡಿ. ಪೂಜೆ ಮಾತ್ರ ಅಣ್ಣತಮ್ಮಂದಿರ ಎರಡು ಮನೆಗಳಿಗೆ ಹಂಚಿಹೋಗಿತ್ತು. ಯುಗಾದಿಯಿಂದ ವಿಜಯದಶಮಿಯವರೆಗೆ ಚಿಕ್ಕ ಮನೆಯದು, ಅಂದರೆ ಚಲುವನಾರಾಯಣನ ಚಿಕ್ಕಪ್ಪನ ಮಗ ವಸಿಷ್ಠನದು. ವಿಜಯದಶಮಿಯಿಂದ ಯುಗಾದಿಯವರೆಗೆ ದೊಡ್ಡ ಮನೆಯದು. ಧನುರ್ಮಾಸವೂ ವೈಕುಂಠ ಏಕಾದಶಿಯೂ ಈ ಅರ್ಧದಲ್ಲಿಯೇ ಬರುತ್ತಿದ್ದವು. ಆ ಆರು ತಿಂಗಳು ಲಕ್ಷ್ಮೀದೇವಮ್ಮ ಬೀದಿಯಲ್ಲಿ ನಡೆಯುವ ರೀತಿಯೇ ಬೇರೆ. ಗುಡಿಗೆ ಬಂದ ತಾಲ್ಲೂಕು ಕಚೇರಿಯವರ ಹೆಂಡತಿಯರು, ಡಾಕ್ಟರ ಹೆಂಡತಿಯರು ಆಕೆ ಕುಂಕುಮ ಕೊಡುವವರೆಗೆ ಕಂಬದ ಪಕ್ಕ ನಿಲ್ಲಬೇಕು. ಆಕೆ ಯಾರನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂದು ಮನಸ್ಸಿನಲ್ಲೇ ತೀರ್ಮಾನಿಸಿ ನಿಲ್ಲಿಸುತ್ತಿದ್ದಳು. ಇದ್ದ ಒಬ್ಬಳೇ ಮಗಳು ಹಂಸ ಚನ್ನರಾಯಪಟ್ಟಣದಲ್ಲಿ ಶಾಲಾ ಶಿಕ್ಷಕಿ. ಗಂಡುಮಕ್ಕಳಿಲ್ಲದ ಮನೆಯ ಸರದಿ ಚಲುವನಾರಾಯಣನ ಕಾಲ ಮುಗಿಯುವ ಮುಂಚೆಯೇ ಕೈಬಿಟ್ಟರೆ, ಇಡೀ ವರ್ಷ ವಸಿಷ್ಠನ ಪಾಲಾಗುತ್ತದೆ, ಮತ್ತೆ ಬರುವುದಿಲ್ಲ. ಇದು ಆಕೆಗೆ ಗೊತ್ತಿತ್ತು. ವಸಿಷ್ಠನಿಗೂ ಗೊತ್ತಿದೆ ಎಂದು ಆಕೆಗೆ ಹೊಳೆಯಲಿಲ್ಲ. ಅವನು ದಡ್ಡ ಎಂದು ಆಕೆ ಮದುವೆಯಾಗಿ ಬಂದ ವಾರವೇ ತೀರ್ಪು ಕೊಟ್ಟಾಗಿತ್ತು. ಸಹಕಾರ ಸಂಘದಲ್ಲಿ ಗುಮಾಸ್ತ, ಸಹಸ್ರನಾಮವನ್ನು ಪುಸ್ತಕ ನೋಡಿ ಹೇಳುವವನು, ಬೈದರೆ ನಗುವವನು. ಅಂಥವನ ವಿಷಯದಲ್ಲಿ ಎಚ್ಚರ ಯಾಕೆ?

ತೊಂಬತ್ತೆಂಟರ ಮಳೆಗಾಲದಲ್ಲಿ ಚಲುವನಾರಾಯಣ ಶಾಂತಿಗ್ರಾಮದಲ್ಲಿ ಯಾರದೋ ಗೃಹಪ್ರವೇಶ ಮಾಡಿಸಿ, ಬಸ್ಸಿಗೆಂದು ಹೆದ್ದಾರಿಯ ಪಕ್ಕದಲ್ಲಿ ನಿಂತಿದ್ದ. ತೆಂಗಿನಕಾಯಿ, ಅಕ್ಕಿ ತುಂಬಿದ ಚೀಲ ಬಲಗೈಯಲ್ಲಿತ್ತು. ಹಾಸನದ ಕಡೆಯಿಂದ ಬಂದ ಒಂದು ವ್ಯಾನು ಎದುರಿನ ಬಸ್ಸನ್ನು ತಪ್ಪಿಸಲು ಹೋಗಿ ರಸ್ತೆ ಬಿಟ್ಟು ಇಳಿಯಿತು. ಅವನ ತಲೆಗೆ ಏನೂ ಆಗಲಿಲ್ಲ, ಕಾಲಿಗೂ ಆಗಲಿಲ್ಲ. ಬಲಗೈ ಮೊಣಕೈಯಲ್ಲಿ ಒಂದು ಕಡೆ, ಮಣಿಕಟ್ಟಿನಲ್ಲಿ ಒಂದು ಕಡೆ ಮುರಿಯಿತು. ರಸ್ತೆಯ ಮೇಲೆ ಉರುಳಿದ ಕಾಯಿಗಳನ್ನು ಹೆಕ್ಕಿಕೊಂಡವರು ಹಲವರು. ಅವನನ್ನು ಎತ್ತಿದವರು ಇಬ್ಬರು.

ಹಾಸನದ ಒಂದು ನರ್ಸಿಂಗ್ ಹೋಮಿನಲ್ಲಿ ಕಂಬಿ ಹಾಕಿ ಪ್ಲಾಸ್ಟರ್ ಕಟ್ಟಿದರು. ಎಚ್ಚರವಾದ ಮರುದಿನವೇ ಮಂಚದ ಪಕ್ಕ ಮೂಸಂಬಿ ಹಣ್ಣಿನ ಚೀಲದೊಂದಿಗೆ ನಂಜಪ್ಪ ಪ್ರತ್ಯಕ್ಷನಾದ. ಮೂಳೆ ಮುರಿದವರಿರುವ ಕಡೆಯೆಲ್ಲ ಹಣ್ಣು ಹಿಡಿದುಕೊಂಡು ತಿರುಗುವುದೇ ಅವನ ಉದ್ಯೋಗ. ಪೊಲೀಸ್ ಸ್ಟೇಷನ್ನಿನ ಕಾಗದ, ಗಾಯದ ಸರ್ಟಿಫಿಕೇಟು, ವಕೀಲರ ವಿಳಾಸ, ಯಾವ ಡಾಕ್ಟರು ಎಷ್ಟು ಬರೆಯುತ್ತಾರೆ, ಎಲ್ಲ ಅವನಲ್ಲಿ ಸಿಗುತ್ತಿತ್ತು. ಹಣ್ಣು ಮಾತ್ರ ಒಣಗಿರುತ್ತಿತ್ತು. ರೋಗಿ ಒಪ್ಪದಿದ್ದರೆ ಅದೇ ಚೀಲ ಮುಂದಿನ ಮಂಚಕ್ಕೆ ಹೋಗುತ್ತಿತ್ತು. ಲಕ್ಷ್ಮೀದೇವಮ್ಮ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಚಪ್ಪಲಿಯಿಂದ ತಲೆಯವರೆಗೆ ನೋಡಿದಳು. ಅಂಥ ನೋಟ ನಂಜಪ್ಪನಿಗೆ ದಿನಕ್ಕೆ ಹತ್ತು ಬೀಳುತ್ತಿತ್ತು.

"ಅಮ್ಮಾವ್ರೇ, ಈ ಕೈಗೆ ಡಾಕ್ಟ್ರು ಅವರ ಪಾಡಿಗೆ ಬುಟ್ರೆ ಅದಿನೈದು ಪರ್ಸೆಂಟು ಬರೀತಾರೆ. ನಾನು ಯೋಳುದ್ರೆ ನಲವತ್ತು ಬರೀತಾರೆ. ಕೈ ಅದೇಯ ಕಣಮ್ಮ."

ಪೂಜೆ ಮಾಡುವ ಕೈಯನ್ನು ಶೇಕಡಾ ಲೆಕ್ಕದಲ್ಲಿ ಕೇಳಿ ಚಲುವನಾರಾಯಣ ಗೋಡೆಯ ಕಡೆ ಮುಖ ಮಾಡಿದ. ಹೆಂಡತಿ ಮುಖ ತಿರುಗಿಸಲಿಲ್ಲ. ನಂಜಪ್ಪನಂಥ ಕೊಳಕನಿಗೆ ನಲವತ್ತು ಸಿಗುವುದಾದರೆ ತನಗೆ ಐವತ್ತು ಯಾಕೆ ಸಿಗಬಾರದು ಎಂದು ಆಕೆ ಯೋಚಿಸಿದಳು. ಅವನನ್ನು ಓಡಿಸಿ, ಅವನು ಹೇಳಿದ್ದನ್ನೆಲ್ಲ ಇಟ್ಟುಕೊಂಡಳು. ವ್ಯಾನಿಗೆ ಇನ್ಶೂರೆನ್ಸ್ ಇತ್ತು. ದುಡ್ಡು ಕೊಡುವುದು ಯಾವುದೋ ಕಂಪನಿ. ಕಂಪನಿಯವರು ಕಳ್ಳರು ಎಂಬುದರಲ್ಲಿ ಆಕೆಗೆ ಅನುಮಾನವಿರಲಿಲ್ಲ. ಕಳ್ಳರಿಂದ ಕಿತ್ತುಕೊಳ್ಳುವುದು ಪಾಪವೂ ಅಲ್ಲ.

ಮೂಳೆ ಡಾಕ್ಟರನ್ನು ಆಕೆಯೇ ಕಂಡಳು. ಆತ ಕೈಯನ್ನು ಮಡಿಸಿ ಬಿಡಿಸಿ, ಪರವಾಗಿಲ್ಲ, ಚೆನ್ನಾಗಿ ಕೂಡಿಕೊಂಡಿದೆ, ಉಂಗುರದ ಬೆರಳು ಮತ್ತು ಕಿರುಬೆರಳು ಪೂರ್ತಿ ಮಡಚುವುದಿಲ್ಲ, ಅಷ್ಟೆ ಎಂದ. ಅಷ್ಟೆ ಎಂದರೇನು ಎಂದು ಆಕೆ ಕೇಳಿದಳು. ಅರ್ಚಕರ ಕೈ ಅದು. ಮುದ್ರೆ ಹಿಡಿಯಬೇಕು, ಕೊಡ ಎತ್ತಬೇಕು, ಆರತಿ ಹಿಡಿಯಬೇಕು. ಡಾಕ್ಟರಿಗೆ ಮುದ್ರೆಯ ವಿಷಯ ಗೊತ್ತಿರಲಿಲ್ಲ, ವಾದಕ್ಕೆ ಸಮಯವೂ ಇರಲಿಲ್ಲ. ಹೊರಗೆ ರೋಗಿಗಳು ಕಾಯುತ್ತಿದ್ದರು. ನಂಜಪ್ಪನಿಗೆ ಬರೆಯುತ್ತಿದ್ದ ನಲವತ್ತಕ್ಕೆ ಆಕೆಯ ಬಾಯಿಗೆಂದು ಐದು ಸೇರಿಸಿ ಬರೆದುಕೊಟ್ಟ. ಹೀಗೆ ಗುಣವಾದ ಕೈಯೊಂದು ಕಾಗದದಲ್ಲಿ ಅರ್ಧ ಸತ್ತಿತು.

ವಕೀಲರೆಂದು ಹಂಸ ಗೊತ್ತುಮಾಡಿದ್ದು ಚನ್ನರಾಯಪಟ್ಟಣದ ಇಂದ್ರಕುಮಾರ್ ಅವರನ್ನು. ಬೆಳಗೊಳದ ಕಡೆಯ ಜೈನ ಮನೆತನದವರು, ಮೆಲುಮಾತಿನವರು, ಸಂಜೆಯಾಗುವ ಮೊದಲು ಊಟ ಮುಗಿಸಬೇಕೆಂದು ಕಕ್ಷಿದಾರರನ್ನು ಎಬ್ಬಿಸಿ ಕಳಿಸುವವರು. ಅವರು ಕಾಗದಗಳನ್ನು ಓದಿ, ಒಂದು ಮಾತು ಹೇಳಿದರು. ಬರೀ ಗಾಯದ ಮೇಲೆ ಕೇಳಿದರೆ ಸಾಧಾರಣ ಪರಿಹಾರ ಬರುತ್ತದೆ. ವೃತ್ತಿಯೇ ಹೋಯಿತು, ಇನ್ನು ಪೂಜೆ ಸಾಧ್ಯವೇ ಇಲ್ಲ ಎಂದು ಕೇಳಿದರೆ ದೊಡ್ಡದು ಬರುತ್ತದೆ. ಆದರೆ ಹಾಗೆ ಹೇಳಿದ ಮೇಲೆ ನಾಳೆ ಪೂಜೆ ಮಾಡುವಂತಿಲ್ಲ. ಯೋಚಿಸಿ ಹೇಳಿ ಎಂದರು.

"ಕೋರ್ಟಿಗೂ ಗರ್ಭಗುಡಿಗೂ ಏನು ಸಂಬಂಧ ವಕೀಲರೇ?" ಎಂದಳು ಲಕ್ಷ್ಮೀದೇವಮ್ಮ. "ಜಡ್ಜು ಬಂದು ನಮ್ಮ ದೇವರ ನಿರ್ಮಾಲ್ಯ ತೆಗೀತಾರಾ?"

ಇಂದ್ರಕುಮಾರ್ ಮತ್ತೆ ಹೇಳಲಿಲ್ಲ. ಕಕ್ಷಿದಾರರಿಗೆ ಒಂದು ಸಲ ಎಚ್ಚರಿಕೆ ಕೊಡುವುದು ಅವರ ಪದ್ಧತಿ, ಎರಡನೆಯ ಸಲ ಕೊಡುವುದಲ್ಲ. ದೊಡ್ಡ ಅರ್ಜಿಯನ್ನೇ ಹಾಸನದಲ್ಲಿ ಹಾಕಿದರು. ಆಕೆ ಬಸ್ಸಿನಲ್ಲಿ ಬರುತ್ತ, ರಾತ್ರಿ ಊಟ ಮಾಡದವರಿಗೆ ಧೈರ್ಯ ಎಲ್ಲಿಂದ ಬರಬೇಕು ಎಂದು ಗಂಡನಿಗೆ ಹೇಳಿದಳು.

ಅಲ್ಲಿಂದ ಚಲುವನಾರಾಯಣನ ಎಡಗೈ ಬದುಕು ಶುರುವಾಯಿತು. ಕಂಪನಿಯವರು ಬೇಹುಗಾರರನ್ನು ಬಿಡುತ್ತಾರೆ, ಫೋಟೋ ತೆಗೆಯುತ್ತಾರೆ ಎಂದು ಯಾರೋ ಹೇಳಿದ್ದರು. ಹೊಸಿಲು ದಾಟಿದರೆ ಬಲಗೈ ಕೊರಳಿನ ಪಟ್ಟಿಯಲ್ಲಿ ಇರಬೇಕೆಂದು ಹೆಂಡತಿಯ ಕಟ್ಟಪ್ಪಣೆ. ಪಟ್ಟಿ ಆಕೆಯ ಹಳೆಯ ಸೀರೆಯ ಸೆರಗಿನದು. ಜನ್ಮದಲ್ಲಿ ಎಡಗೈಯಿಂದ ಯಾರಿಗೂ ಏನನ್ನೂ ಕೊಡದ ಮನುಷ್ಯ ತರಕಾರಿಯವಳಿಗೆ ಎಡಗೈಯಲ್ಲಿ ಚಿಲ್ಲರೆ ಕೊಟ್ಟ. ಅವಳು ಅದನ್ನು ಸೆರಗಿಗೆ ಒರೆಸಿ ತೆಗೆದುಕೊಂಡಳು. ಮದುವೆಮನೆಗೆ ಹೋದರೆ ಊಟಕ್ಕೆ ಕೂರುವಂತಿಲ್ಲ: ಬಲಗೈಯಲ್ಲಿ ತಿಂದರೆ ಕೇಸು ಹೋಗುತ್ತದೆ, ಎಡಗೈಯಲ್ಲಿ ತಿಂದರೆ ಮರ್ಯಾದೆ ಹೋಗುತ್ತದೆ. ಆಕೆ ಎರಡನ್ನೂ ಉಳಿಸಿಕೊಂಡು ಅವನನ್ನು ಹಸಿದ ಹೊಟ್ಟೆಯಲ್ಲಿ ಮನೆಗೆ ಕರೆತರುತ್ತಿದ್ದಳು. ಮನೆಯ ಬಾಗಿಲು ಹಾಕಿಕೊಂಡ ಮೇಲೆ ಅವನು ಪಟ್ಟಿ ಬಿಚ್ಚಿ, ಹಿತ್ತಿಲ ಬಾವಿಯಿಂದ ಎರಡು ಕೈಯಲ್ಲೂ ಹಗ್ಗ ಹಿಡಿದು ನೀರು ಸೇದುತ್ತಿದ್ದ. ಬೆರಳೆರಡು ಸ್ವಲ್ಪ ಹೊರಗೆ ನಿಂತಿರುತ್ತಿದ್ದವು, ಅಷ್ಟೆ.

ಸರದಿಯನ್ನು ವಸಿಷ್ಠ ನೋಡಿಕೊಂಡ. ಕೇಳುವ ಮೊದಲೇ ಬಂದು, ಅತ್ತಿಗೆ ಚಿಂತೆ ಮಾಡಬೇಡಿ, ಸರದಿ ನಿಮ್ಮದೇ, ಕೈ ಮಾತ್ರ ನನ್ನದು ಎಂದ. ಇಷ್ಟು ಚೆನ್ನಾದ ಮಾತು ಅವನಿಗೆ ಯಾರು ಹೇಳಿಕೊಟ್ಟರು ಎಂದು ಆಕೆ ನಕ್ಕಳು. ವಿಜಯದಶಮಿಯಿಂದ ಅವನು ನಸುಕಿಗೇ ಎದ್ದು, ತಣ್ಣೀರು ಸ್ನಾನ ಮಾಡಿ, ಗುಡಿ ತೆಗೆದು, ಸಂಘದ ಕಚೇರಿಗೆ ತೂಕಡಿಸುತ್ತ ಹೋಗುತ್ತಿದ್ದ. ಪ್ರಸಾದದ ಪಾತ್ರೆಯನ್ನು ಮಾತ್ರ ದಿನವೂ ಮೊದಲು ದೊಡ್ಡ ಮನೆಗೆ ಕಳಿಸುತ್ತಿದ್ದ. ಪೊಂಗಲಿಗೆ ಮೆಣಸು ಕಡಿಮೆಯಾಗಿದೆ ಎಂದು ಆಕೆ ಹೇಳಿ ಕಳಿಸುತ್ತಿದ್ದಳು.

ಆ ಮೊದಲ ಧನುರ್ಮಾಸದಲ್ಲಿ ಚಲುವನಾರಾಯಣ ಬಿಸಿಲು ಅಂಗಳಕ್ಕೆ ಬರುವವರೆಗೆ ಮಲಗಿದ. ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ಸತ್ತು ಗುಡಿಯ ಬೀಗದಕೈ ಕೊರಳಿಗೆ ಬಿದ್ದಂದಿನಿಂದ ಸರದಿಯ ದಿನಗಳಲ್ಲಿ ಅವನು ಹಾಗೆ ಮಲಗಿದ್ದೇ ಇಲ್ಲ. ಮಾತ್ರೆಯ ಅಮಲು ಎಂದು ಆಕೆ ಸುಮ್ಮನಾದಳು. ಎರಡನೆಯ ಧನುರ್ಮಾಸದ ಹೊತ್ತಿಗೆ ಮಾತ್ರೆ ನಿಂತುಹೋಗಿತ್ತು, ನಿದ್ದೆ ನಿಂತಿರಲಿಲ್ಲ. ಎದ್ದವನು ವಾಚನಾಲಯಕ್ಕೆ ಹೋಗಿ ಪತ್ರಿಕೆ ಓದುತ್ತಿದ್ದ, ಹೊಳೆಯ ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುವವರ ಜೊತೆ ಹರಟುತ್ತಿದ್ದ, ಪಕ್ಕದ ಮನೆಯ ಟೀವಿಯಲ್ಲಿ ಕ್ರಿಕೆಟ್ ನೋಡಲು ಕಲಿತ. ಸೋಮಾರಿತನ ಎಂದು ಹೆಸರಿಟ್ಟು ಆಕೆ ಆ ವಿಷಯ ಮುಗಿಸಿದಳು. ಹೆಸರಿಟ್ಟ ಮೇಲೆ ಯಾವ ವಸ್ತುವನ್ನೂ ಆಕೆ ಎರಡನೆಯ ಸಲ ನೋಡುತ್ತಿರಲಿಲ್ಲ.

ಕೇಸು ಎರಡು ಸಾವಿರದ ಒಂದರಲ್ಲಿ ವಿಚಾರಣೆಗೆ ಬಂತು. ಹೇಳಬೇಕಾದ್ದನ್ನು ಆಕೆ ಮನೆಯಲ್ಲಿ ಗಂಡನಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದಳು. ಕಟಕಟೆಯಲ್ಲಿ ನಿಂತವನು ಎಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದ. ಕೊಡ ಎತ್ತಲಾರೆ, ಮುದ್ರೆ ಹಿಡಿಯಲಾರೆ, ದೇವರ ಸೇವೆಗೆ ಈ ಕೈ ಬಾರದು. ಕಂಪನಿಯ ವಕೀಲರು ನಗುತ್ತ ಎದ್ದು, ಪೂಜೆಗೆ ಬೇಕಾದ್ದು ಮಂತ್ರ, ಮಂತ್ರಕ್ಕೆ ಬೇಕಾದ್ದು ಬಾಯಿ, ನಿಮ್ಮ ಬಾಯಿಗೆ ಏನಾಗಿದೆ ಎಂದು ಕೇಳಿದರು. ಅವನು ಬೆಬ್ಬೆಬ್ಬೆ ಎಂದು ನಿಂತ. ಈ ಪ್ರಶ್ನೆ ಬಾಯಿಪಾಠದಲ್ಲಿ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ಲಕ್ಷ್ಮೀದೇವಮ್ಮ ಹಲ್ಲು ಕಚ್ಚಿದಳು.

ಆಗ ಸಾಕ್ಷಿ ಹೇಳುತ್ತೇನೆಂದು ಒಪ್ಪಿಕೊಂಡು ಬಂದವನು ವಸಿಷ್ಠ. ಮುಂದಿನ ತಾರೀಕಿಗೆ ಮಡಿಯ ಪಂಚೆ ಉಟ್ಟು, ನಾಮ ಹಾಕಿಕೊಂಡು, ಕೈಯಲ್ಲಿ ಒಂದು ಹಳೆಯ ಗ್ರಂಥ ಹಿಡಿದು ಬಂದ. ಅರ್ಚಕನಾದವನಿಗೆ ಅಂಗವೆಲ್ಲ ನೆಟ್ಟಗಿರಬೇಕೆಂದು ಆಗಮದಲ್ಲಿ ಎಲ್ಲಿದೆ, ಅಭಿಷೇಕದ ಕೊಡವನ್ನು ಯಾವ ಕೈಯಲ್ಲಿ ಹಿಡಿದು ಯಾವ ಕೈಯಿಂದ ಬಾಗಿಸಬೇಕು, ಬೆರಳು ಮಡಚದವನು ತೋರಿದ ಮುದ್ರೆ ಯಾಕೆ ಮುದ್ರೆಯಲ್ಲ, ಎಲ್ಲವನ್ನೂ ಬಿಡಿಸಿ ಹೇಳಿದ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ಕೇಳಿದರು. ಪುಸ್ತಕ ತಂದಿದ್ದವನು ಪುಸ್ತಕ ತೆರೆಯಲಿಲ್ಲ. ಲಕ್ಷ್ಮೀದೇವಮ್ಮನಿಗೆ ಅದು ಕಂಡಿತು. ಕೋರ್ಟಿನ ಭಯಕ್ಕೆ ಎಲ್ಲವನ್ನೂ ಉರುಹೊಡೆದು ಬಂದಿದ್ದಾನೆ, ಪಾಪ, ಅಂದುಕೊಂಡಳು.

"ಮೂಲಮೂರ್ತಿಯನ್ನು ಮುಟ್ಟುವ ಕೈ ಪೂರ್ತಿ ಇರಬೇಕು ಸ್ವಾಮಿ," ಎಂದು ವಸಿಷ್ಠ ಕೊನೆಯಲ್ಲಿ ಹೇಳಿದ. "ನಮ್ಮಣ್ಣನ ಕೈ ಇನ್ನು ಆ ಕೈ ಅಲ್ಲ. ನನಗೆ ಹೇಳೋಕೆ ಸಂಕಟ ಆಗುತ್ತೆ."

ಅಣ್ಣನ ಕಣ್ಣಲ್ಲಿ ನೀರು ಬಂತು. ಅದು ಯಾಕೆ ಬಂತೆಂದು ಕೇಳುವ ಗೋಜಿಗೆ ಯಾರೂ ಹೋಗಲಿಲ್ಲ. ಕೇಸಿಗೆ ಒಳ್ಳೆಯದಾಯಿತು ಎಂದು ಇಂದ್ರಕುಮಾರ್ ಅವರ ಜೂನಿಯರು ಪಿಸುಗುಟ್ಟಿದ.

ತೀರ್ಪು ಬಂತು. ಗಾಯ ಎಷ್ಟೇ ಇರಲಿ, ಈ ಅರ್ಜಿದಾರನ ಮಟ್ಟಿಗೆ ವೃತ್ತಿ ಸಂಪೂರ್ಣ ನಷ್ಟವಾಗಿದೆ, ಇವರು ಇನ್ನು ಅರ್ಚಕರಾಗಿ ಕೆಲಸ ಮಾಡಲು ಶಾಶ್ವತವಾಗಿ ಅಸಮರ್ಥರು ಎಂದು ಬರೆದಿತ್ತು. ಪರಿಹಾರ ಆಕೆ ಅಂದುಕೊಂಡದ್ದಕ್ಕಿಂತ ದೊಡ್ಡದೇ ಆಗಿತ್ತು. ಕಂಪನಿ ಹೈಕೋರ್ಟಿಗೆ ಮೇಲ್ಮನವಿ ಹಾಕಿದರೂ, ಸ್ವಲ್ಪ ಭಾಗ ಕೈಗೆ ಬಂತು. ಉಳಿದದ್ದು ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿತು. ಆಕೆ ವಸಿಷ್ಠನಿಗೆ ಒಂದು ಜೊತೆ ಪಂಚೆ ಕೊಟ್ಟಳು, ಜರಿಯಿಲ್ಲದ್ದು. ಅವನು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ತೀರ್ಪಿನ ಒಂದು ನಕಲು ನನಗೂ ಇರಲಿ ಅತ್ತಿಗೆ, ನನ್ನ ಹೆಸರು ಅದರಲ್ಲಿದೆಯಲ್ಲ, ಮಕ್ಕಳಿಗೆ ತೋರಿಸುತ್ತೇನೆ ಎಂದ. ಹೆಸರಿಗೆ ಸಾಯುವ ಮೂರ್ಖ ಎಂದುಕೊಂಡು ಆಕೆಯೇ ಜೆರಾಕ್ಸ್ ಮಾಡಿಸಿ ತಂದುಕೊಟ್ಟಳು.

ದುಡ್ಡು ಬಂದಾಯಿತು, ಇನ್ನು ಸರದಿ ಹಿಡಿಯಬೇಕು. ಎರಡು ಸಾವಿರದ ಎರಡರ ವಿಜಯದಶಮಿ ಸಮೀಪಿಸುತ್ತಿದ್ದಂತೆ ಕೊರಳಿನ ಪಟ್ಟಿ ಬಿಚ್ಚಿಸಿ, ಈ ಸಲದಿಂದ ಇವರೇ ಗುಡಿಗೆ ಬರುತ್ತಾರೆ ಎಂದು ಆಕೆ ವಸಿಷ್ಠನಿಗೆ ಹೇಳಿ ಕಳಿಸಿದಳು. ಉತ್ತರ ವಸಿಷ್ಠನಿಂದ ಬರಲಿಲ್ಲ. ತಾಲ್ಲೂಕು ಕಚೇರಿಯಿಂದ ನೋಟೀಸು ಬಂತು. ಪೂಜೆಗೆ ಅಸಮರ್ಥರೆಂದು ನ್ಯಾಯಾಲಯವೇ ಹೇಳಿರುವ ಚಲುವನಾರಾಯಣ ಅವರ ಸರದಿಯನ್ನು ಶಾಶ್ವತವಾಗಿ ತನ್ನ ಹೆಸರಿಗೆ ಮಾಡಿಕೊಡಬೇಕೆಂದು ವಸಿಷ್ಠ ಅರ್ಜಿ ಹಾಕಿದ್ದ. ಆಕ್ಷೇಪಣೆ ಇದ್ದರೆ ಹಾಜರಾಗಬೇಕಿತ್ತು.

ಆಕೆ ನೋಟೀಸನ್ನು ನಿಂತೇ ಓದಿ, ಕಾಲಿಗೆ ಚಪ್ಪಲಿ ಹಾಕದೆ ಚಿಕ್ಕ ಮನೆಗೆ ನಡೆದಳು. ವಸಿಷ್ಠ ಜಗಲಿಯಲ್ಲಿ ಕೂತು ತುಳಸಿ ಬಿಡಿಸುತ್ತಿದ್ದ. ಆಕೆ ಹೇಳಿದ್ದನ್ನೆಲ್ಲ, ಅವನ ಅಪ್ಪನವರೆಗೂ ಹೋದದ್ದನ್ನು, ಕೂತು ಕೇಳಿದ. ಬೀದಿಯವರು ಕಿಟಕಿಗಳಿಗೆ ಬಂದರು. ಆಕೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಅವನು ತಲೆಯೆತ್ತಿದ.

"ಅತ್ತಿಗೆ, ನಾನು ಕೋರ್ಟಲ್ಲಿ ಒಂದು ಮಾತಾದರೂ ಸುಳ್ಳು ಹೇಳಿದ್ನಾ?"

ಆಕೆ ಕೈಯಲ್ಲಿದ್ದ ನೋಟೀಸನ್ನು ಅವನ ಮುಖದೆದುರು ಹಿಡಿದಳು.

"ಆಗಮದಲ್ಲಿ ಇರೋದನ್ನ ಹೇಳಿದೆ. ಅಣ್ಣನ ಕೈ ಬರಲ್ಲ ಅಂತ ನೀವು ಹೇಳಿದ್ರಿ, ನಂಬಿದೆ. ಬರುತ್ತೆ ಅನ್ನೋದಾದ್ರೆ ಸುಳ್ಳು ಹೇಳಿದವರು ನಾನಲ್ಲ." ತುಳಸಿಯ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಅವನು ಮತ್ತೊಂದು ಮಾತು ಸೇರಿಸಿದ. "ನಾಲ್ಕು ವರ್ಷ ಪೊಂಗಲಿಗೆ ಮೆಣಸು ಕಡಿಮೆ ಅಂದ್ರಿ. ನಾನು ದಿನಾ ಹಾಕ್ತಾನೇ ಇದ್ದೆ."

ಇಪ್ಪತ್ತಾರು ವರ್ಷಗಳಲ್ಲಿ ಅವನು ಆಕೆಗೆ ಎದುರು ಆಡಿದ ಮೊದಲ ಮಾತು ಅದು. ಆಕೆ ಬರಿಗಾಲಿನಲ್ಲಿ ಮನೆಗೆ ಬಂದು, ಗಂಡನಿಗೆ ವಿಷಯ ಹೇಳಿದಳು. ಅವನು ಪತ್ರಿಕೆ ಮಡಿಸಿ, ಹೌದಾ ಎಂದ. ಇಷ್ಟಕ್ಕೂ ಹೌದಾ ಎನ್ನುವವನನ್ನು ಕಟ್ಟಿಕೊಂಡು ತಾನೊಬ್ಬಳೇ ಕಾದಾಡಬೇಕಲ್ಲ ಎಂದು ಆಕೆಗೆ ಮೈ ಉರಿಯಿತು.

ಚನ್ನರಾಯಪಟ್ಟಣದಲ್ಲಿ ಇಂದ್ರಕುಮಾರ್ ನೋಟೀಸು ಓದಿ, ಕನ್ನಡಕ ತೆಗೆದರು. ಎರಡು ಕಚೇರಿಗಳಲ್ಲಿ ಎರಡು ಕೈ ತೋರಿಸಲಾಗದು ಎಂದರು. ತಹಸೀಲ್ದಾರರ ಮುಂದೆ ಕೈ ಸರಿಯಿದೆ ಎಂದು ಬರೆದುಕೊಟ್ಟರೆ, ಅದರ ಪ್ರತಿ ಕಂಪನಿಯ ವಕೀಲರಿಗೆ ಸಿಗಲು ಎಷ್ಟು ಹೊತ್ತು? ಹೈಕೋರ್ಟಿನಲ್ಲಿ ಠೇವಣಿಯೂ ಹೋಗುತ್ತದೆ, ತಿಂದದ್ದನ್ನೂ ಕಕ್ಕಬೇಕಾಗುತ್ತದೆ, ಸುಳ್ಳು ಪ್ರಮಾಣದ ಮಾತೂ ಎದ್ದೀತು. ಸುಮ್ಮನಿದ್ದರೆ ದುಡ್ಡು ಉಳಿಯುತ್ತದೆ, ಸರದಿ ಹೋಗುತ್ತದೆ. ನಾನು ಆವತ್ತು ಹೇಳಿದ್ದೆ ಎಂದು ಅವರು ಹೇಳಲಿಲ್ಲ. ಹೇಳದೆ ಬಿಟ್ಟದ್ದು ಆಕೆಗೆ ಹೇಳಿದ್ದಕ್ಕಿಂತ ಹೆಚ್ಚಾಗಿ ಚುಚ್ಚಿತು.

ಬೀದಿಯವರೆಲ್ಲ ಆಕೆ ದುಡ್ಡನ್ನೇ ಹಿಡಿಯುತ್ತಾಳೆ ಎಂದುಕೊಂಡರು. ಅವರಿಗೆ ಆಕೆ ಗೊತ್ತಿರಲಿಲ್ಲ. ದುಡ್ಡಿನ ಬಗ್ಗೆ ಆಕೆಗೆ ಇದ್ದದ್ದೂ ತಾತ್ಸಾರವೇ. ಗೆದ್ದೆ ಎಂದು ತೋರಿಸಲು ಮಾತ್ರ ಅದು ಬೇಕಿತ್ತು. ಕಂಬದ ಪಕ್ಕ ತಾನು ಕಾಯುತ್ತ ನಿಲ್ಲುವುದು, ವಸಿಷ್ಠನ ಹೆಂಡತಿ ಕುಂಕುಮದ ಬಟ್ಟಲು ಹಿಡಿದು ನಿಧಾನವಾಗಿ ಬರುವುದು, ಇದನ್ನು ಆಕೆ ಕಣ್ಣ ಮುಂದೆ ತಂದುಕೊಂಡಳು. ಕಂಪನಿಯ ದುಡ್ಡು ಕಂಪನಿಯ ಮುಖಕ್ಕೇ ಹೋಗಲಿ ಎಂದಳು. ಜೈಲಿಗೆ ಹಾಕಿದರೆ ಹಾಕಲಿ, ಹೇಳಿಸಿದವಳು ನಾನು ಎಂದು ಅಲ್ಲೇ ಹೇಳುತ್ತೇನೆ. ಆ ಒಂದು ದಿನದ ಮಟ್ಟಿಗೆ ಆಕೆಯ ಮಾತಿನಲ್ಲಿ ಯಾವ ಸುಳ್ಳೂ ಇರಲಿಲ್ಲ.

ವಿಚಾರಣೆಯ ಬೆಳಿಗ್ಗೆ ಆಕೆ ಮನೆಯ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ಬೆಳಗಿದಳು. ಬಾಯಿಮಾತು ತಾಲ್ಲೂಕು ಕಚೇರಿಯಲ್ಲಿ ನಡೆಯುವುದಿಲ್ಲ, ಕಣ್ಣಿಗೆ ತೋರಿಸಬೇಕು. ಹಿತ್ತಿಲಲ್ಲಿ ಕೊಡ ತುಂಬಿಸಿ ಗಂಡನ ಕೈಯಲ್ಲಿ ಎತ್ತಿಸಿ ನೋಡಿದಳು. ಬಲಗೈಯಲ್ಲಿ ಕತ್ತು ಹಿಡಿದು, ಭುಜದವರೆಗೆ ಎತ್ತಿ, ಬಾಗಿಸಿ ಧಾರೆ ಬಿಟ್ಟ. ಹನಿ ಆಚೀಚೆ ಬೀಳಲಿಲ್ಲ. ಆಕೆ ತಲೆಯಾಡಿಸಿದಳು. ಮದುವೆಯಾದ ಮೇಲೆ ಅವನಿಗೆ ಸಿಕ್ಕ ಮೊದಲ ಮೆಚ್ಚುಗೆ ಅದಿರಬೇಕು.

ತಹಸೀಲ್ದಾರರ ಕೋಣೆಯಲ್ಲಿ ಪಹಣಿಯವರು, ವಿಧವಾ ವೇತನದವರು, ಒತ್ತುವರಿಯವರು ತುಂಬಿದ್ದರು. ವಸಿಷ್ಠ ತೀರ್ಪಿನ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದ. ಅದು ಆಕೆಯೇ ಕೊಟ್ಟ ಜೆರಾಕ್ಸ್. ತಹಸೀಲ್ದಾರರು ಓದಿ, ಇಷ್ಟು ಸ್ಪಷ್ಟವಾಗಿದ್ದ ಮೇಲೆ ನಾನು ಕೇಳುವುದೇನಿದೆ ಎಂದರು. ಲಕ್ಷ್ಮೀದೇವಮ್ಮ ಮುಂದೆ ಬಂದು, ಅದರಲ್ಲಿ ಬರೆದಿರುವುದು ಸುಳ್ಳು, ನಾನು ಹೇಳಿಸಿದ್ದು ಎಂದಳು. ವಿಧವಾ ವೇತನದ ಮುದುಕಿಯೊಬ್ಬಳು ಚೆನ್ನಾಗಿ ಕಾಣಲೆಂದು ಬೆಂಚಿನಿಂದ ಎದ್ದು ನಿಂತಳು. ಕಚೇರಿಯ ನಲ್ಲಿಯಿಂದ ಆಕೆಯೇ ಕೊಡ ತುಂಬಿಸಿಕೊಂಡು ಬಂದು, ತಹಸೀಲ್ದಾರರ ಮೇಜಿನ ಎದುರು ನೆಲದ ಮೇಲೆ ಇಟ್ಟಳು. ಇವರು ಎತ್ತಿ ತೋರಿಸುತ್ತಾರೆ, ನೀವೇ ನೋಡಿ ಬರೆದುಕೊಳ್ಳಿ ಎಂದಳು.

ತಹಸೀಲ್ದಾರರಿಗೆ ದಿನದಲ್ಲಿ ಅದೊಂದು ಬದಲಾವಣೆ. ಎತ್ತಿ ಸ್ವಾಮಿ ಎಂದರು.

ಚಲುವನಾರಾಯಣ ಶಲ್ಯ ಸೊಂಟಕ್ಕೆ ಬಿಗಿದು, ಬಗ್ಗಿ, ಕೊಡದ ಕತ್ತಿಗೆ ಬಲಗೈ ಹಾಕಿದ. ಸ್ವಲ್ಪ ಹೊತ್ತು ಹಾಗೇ ಇದ್ದ. ಕೊಡ ಅರ್ಧ ಗೇಣು ಎದ್ದಿತು, ಮತ್ತೆ ಕೆಳಗಿಳಿಯಿತು. ನೀರು ತುಳುಕಿ ಅವನ ಪಾದ ಒದ್ದೆಯಾಯಿತು. ನೆಟ್ಟಗೆ ನಿಂತು ಅವನು ತಹಸೀಲ್ದಾರರ ಮುಖವನ್ನೇ ನೋಡಿದ, ಹೆಂಡತಿಯ ಕಡೆ ನೋಡಲಿಲ್ಲ.

"ಆಗಲ್ಲ ಸಾರ್. ಅವಳು ಆಸೆಗೆ ಹೇಳ್ತಾಳೆ. ಕೋರ್ಟಲ್ಲಿ ನಾನು ಹೇಳಿದ್ದೇ ನಿಜ."

ತಹಸೀಲ್ದಾರರು ಬರೆದುಕೊಂಡರು. ವಸಿಷ್ಠ ಸಹಿ ಹಾಕಿದ, ಚಲುವನಾರಾಯಣ ಎಡಗೈಯಲ್ಲಿ ಹೆಬ್ಬೆಟ್ಟು ಒತ್ತಿದ. ಲಕ್ಷ್ಮೀದೇವಮ್ಮ ಅಲ್ಲಿಂದ ಹೊರಗೆ ಬಂದದ್ದು ಹೇಗೆಂದು ಆಕೆಗೇ ನೆನಪಿಲ್ಲ. ಕೊಡ ಒಳಗೇ ಉಳಿದಿತ್ತು. ಜವಾನ ದಾರಿಗೆ ಅಡ್ಡವಾಯಿತೆಂದು ಗೊಣಗಿದ. ಚಲುವನಾರಾಯಣ ಹಿಂತಿರುಗಿ ಹೋಗಿ, ತುಂಬಿದ ಕೊಡವನ್ನು ಬಲಗೈಯಲ್ಲಿ ಎತ್ತಿಕೊಂಡು ಬಂದು, ಅಂಗಳದ ಬೇವಿನ ಗಿಡದ ಬುಡಕ್ಕೆ ಸುರಿದ. ಬಾಗಿಲಲ್ಲಿ ನಿಂತಿದ್ದ ವಸಿಷ್ಠ ಅದನ್ನು ನೋಡಿದ. ಪ್ಲಾಸ್ಟಿಕ್ ಕವರಿನ ಬಾಯಿ ಮಡಿಸಿಕೊಂಡು ಸೈಕಲ್ಲಿನ ಕಡೆ ಹೋದ.

ಗೇಟಿನ ಹತ್ತಿರ ಆಕೆಗೆ ಕೊನೆಗೂ ಬಾಯಿ ಬಂತು. ಯಾಕೆ ಎಂದು ಕೇಳಿದಳು. ಬೈಗುಳವಿಲ್ಲದೆ ಆಕೆ ಅವನನ್ನು ಒಂದು ಪ್ರಶ್ನೆ ಕೇಳಿದ್ದು ಅಪರೂಪ.

"ಹನ್ನೆರಡನೇ ವರ್ಷದಿಂದ ಚಳೀಲಿ ಎದ್ದು ತಣ್ಣೀರು ಹುಯ್ಕೊಂಡೆ," ಎಂದ ಅವನು. "ಬೇಕಾ ಅಂತ ಅಪ್ಪನೂ ಕೇಳಲಿಲ್ಲ, ನೀನೂ ಕೇಳಲಿಲ್ಲ. ಆ ವ್ಯಾನಿನವನು ಬಿಡಿಸಿದ. ನೀನು ಕೋರ್ಟಲ್ಲಿ ರುಜುವಾತು ಮಾಡಿಸಿಕೊಟ್ಟೆ. ಇನ್ನು ಬಿಡು."

ದೇವರಲ್ಲಿ ಭಕ್ತಿ ಇಲ್ಲವೇ ಎಂದು ಆಕೆ ಕೇಳಿದಳು. ಅದಕ್ಕೆ ಅವನು ಸ್ವಲ್ಪ ಯೋಚಿಸಿ, ಇದೆ, ಎಂಟು ಗಂಟೆಯ ಮೇಲೆ ಇದೆ ಎಂದ.

ಕಚೇರಿಯ ಎದುರು ಹೋಟೆಲ್ ಇತ್ತು. ಮಡಿಯ ಮನೆಯ ಅರ್ಚಕರು ಊರಿನಲ್ಲಿ ಹೋಟೆಲ್ ಮೆಟ್ಟಿಲು ಹತ್ತುವ ರೂಢಿ ಇಲ್ಲ. ಚಲುವನಾರಾಯಣ ಖಾಲಿ ಕೊಡವನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತ. ಅವನು ಈರುಳ್ಳಿ ದೋಸೆ ಹೇಳಿದ್ದು ರಸ್ತೆಯವರೆಗೆ ಕೇಳಿಸಿತು. ಲಕ್ಷ್ಮೀದೇವಮ್ಮ ಬಿಸಿಲಿನಲ್ಲಿ ನಿಂತಿದ್ದಳು. ತಾಲ್ಲೂಕು ಕಚೇರಿಯಿಂದ ಬಂದವರು ಒಬ್ಬೊಬ್ಬರಾಗಿ ಆಕೆಯನ್ನು ದಾಟಿ ಹೋದರು. ದಾಟಿದ ಮೇಲೆ ತಿರುಗಿ ನೋಡುತ್ತಿದ್ದಾರೆಂದು ಆಕೆಗೆ ಗೊತ್ತಿತ್ತು. ಅವರ ಜಾಗದಲ್ಲಿ ತಾನಿದ್ದರೆ ಹಾಗೇ ನೋಡುತ್ತಿದ್ದಳು. ಕೊನೆಗೆ ಆ ವಿಧವಾ ವೇತನದ ಮುದುಕಿ ಹತ್ತಿರ ಬಂದು, ಆಕೆಯ ಕೈ ಸವರಿ, ಓಗ್ಲಿ ಬುಡವ್ವಾ, ಗಂಡ ಉಳುದನಲ್ಲ ಎಂದಳು. ಕನಿಕರ ಮಾತ್ರ ಆಕೆ ತಡೆದುಕೊಳ್ಳಬಲ್ಲ ವಸ್ತುವಾಗಿರಲಿಲ್ಲ.

ಸೆರಗು ಹೊದ್ದು, ಮೆಟ್ಟಿಲು ಹತ್ತಿ, ಗಂಡನ ಎದುರಿನ ಕುರ್ಚಿಯಲ್ಲಿ ಕೂತಳು. ಸಪ್ಲೈಯರ್ ಬಂದು ಏನು ಕೊಡಲಿ ಎಂದ. ಆಕೆ ಮೇಜಿನ ಮೇಲಿನ ಸಾಂಬಾರಿನ ಕಲೆಯನ್ನು ತೋರಿಸಿದಳು.

"ಮೊದಲು ಇದನ್ನ ಒರೆಸಪ್ಪ. ಒರೆಸೋಕಾದ್ರೂ ಬರುತ್ತಾ ನಿನಗೆ?"